ಶಾಲಗ್ರಾಮದ ಚಕ್ರವಿಚಾರ

ಕೊಪ್ಪಳ ಸೀಮೆಯ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಸುತ್ತಣ ಬೆಟ್ಟಗಳು ಗ್ರಾನೈಟು ಶಿಲೆಯವು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ದ್ರವವು ತಣಿದು ಗಟ್ಟಿಯಾದುವು. ಅಂತಹ ಶಿಲೆಯಲ್ಲಿ ಜೀವಿಯ ಚಿಪ್ಪು ಉಳಿಯುವ ಸಂಭವವೇ ಇಲ್ಲ. ಆದರೂ ಇಲ್ಲಿಯ ಮಾಧ್ವರ ದೇವರ ಸಂಪುಟಗಳಲ್ಲಿ ಸಮುದ್ರಜೀವಿಯೊಂದರ ಚಿಪ್ಪು ನಿತ್ಯವೂ ಅಭಿಷೇಕವನ್ನು ಪಡೆಯುತ್ತದೆ. ಅದೇ ಗಂಡಕೀ ನದಿಯ ಶಾಲಗ್ರಾಮ.

ಪುರಾಣಕಾರರು ಅದನ್ನು ವಿಂಗಡಿಸಿದ ಕ್ರಮವು ಗಮನಿಸತಕ್ಕುದು. ಅಗ್ನಿಪುರಾಣದಲ್ಲಿ ಚಕ್ರಸಂಖ್ಯೆಗೆ ಪ್ರಾಧಾನ್ಯ: ಒಂದಾದರೆ ಸುದರ್ಶನ, ಎರಡಾದರೆ ಲಕ್ಷ್ಮೀನಾರಾಯಣ, ಮೂರಾದರೆ ಅಚ್ಯುತ, ಹೀಗೆ ಏರುತ್ತ ಹನ್ನೆರಡನ್ನು ಮೀರಿದುದು ಅನಂತ. ವರ್ಣ, ದ್ವಾರ, ರೇಖೆಗಳೂ ಲಕ್ಷಣಗಳೇ. ಈ ಚಕ್ರಗಳನ್ನು ವಜ್ರಕೀಟವು ಕೊರೆಯಿತೆಂಬುದು ಸಂಪ್ರದಾಯ.

ವಾಸ್ತವದಲ್ಲಿ ಕೀಟವು ಕಲ್ಲನ್ನು ಕೊರೆಯಲಿಲ್ಲ. ಜೀವಿಯ ಚಿಪ್ಪೇ ಕೆಸರಿನಲ್ಲಿ ಹುದುಗಿ ಶಿಲೆಯಲ್ಲಿ ಅಚ್ಚೊತ್ತಿತು. ಅಮೋನೈಟೆಂಬ ಆ ಜೀವಿಯು ಸುರುಳಿಯ ಕಟ್ಟಕಡೆಯ ಕೋಣೆಯಲ್ಲಿ ಮಾತ್ರ ವಾಸಿಸುತ್ತ, ಬೆಳೆದಂತೆಲ್ಲ ಹಿಂದೆ ಅಡ್ಡಗೋಡೆಯನ್ನು ಕಟ್ಟಿಕೊಳ್ಳುತ್ತಿದ್ದಿತು. ಆ ಗೋಡೆಯು ಚಿಪ್ಪಿನ ಒಳಮೈಯನ್ನು ಸಂಧಿಸುವೆಡೆಯಲ್ಲಿ ಎಲೆಯಂಚಿನಂತೆ ಮಡಿಕೆಮಡಿಕೆಯಾದ ಗೆರೆಯುಂಟು. ವಿಜ್ಞಾನಿಗಳು ಕುಲಗಳನ್ನು ವಿಂಗಡಿಸುವಾಗ ಈ ಗೆರೆಯನ್ನೂ ಹೊರಮೈಯ ಏಣುಗಳನ್ನೂ ಪರಿಶೀಲಿಸುತ್ತಾರೆ. ವಜ್ರಕೀಟದ ಕಥೆಯನ್ನು ಕೇಳಿ ನಗುವವರುಂಟು. ಚಕ್ರವನ್ನು ಜೀವಿಯ ಕೃತಿಯೆಂದು ಊಹಿಸಿದುದು ಅಲ್ಪವಲ್ಲವೆಂದು ನಮ್ಮ ಮತ.

ಹಿಮಾಲಯದ ಸ್ಪಿತಿಯ ಕಪ್ಪು ಜೇಡಿಶಿಲೆಯಲ್ಲಿ ದೊರೆತ ಇಂತಹ ಚಿಪ್ಪುಗಳನ್ನು ಊಲಿಗ್ ಎಂಬ ವಿದ್ವಾಂಸನು 1903ರಿಂದ 1910ರವರೆಗೆ ಪ್ರಕಟಿಸಿದ ಗ್ರಂಥದಲ್ಲಿ ವರ್ಣಿಸಿದ್ದಾನೆ. ನೇಪಾಳದ ಮುಕ್ತಿನಾಥದ ಬಳಿಯ ಶಿಲೆಯೂ ಆ ವರ್ಗದ್ದೇ; ವಯಸ್ಸು ಸುಮಾರು 15 ಕೋಟಿ ವರ್ಷ. ಆದುದರಿಂದ ಆನೆಗೊಂದಿಯ ಒಂದೊಂದು ಶಾಲಗ್ರಾಮವೂ ಗಂಡಕಿಯಿಂದ ತುಂಗಭದ್ರೆಯವರೆಗೆ ಮನುಷ್ಯರ ಕೈಯಿಂದ ಕೈಗೆ ಬಂದುದು. ತುಂಗಭದ್ರೆಯ ನುಣುಪುಗಲ್ಲಿಗೆ ಆ ಹೆಸರು ಸಲ್ಲದು.