ಊರಿನ ನೆನಪು ಯಾರ ದಫ್ತರದಲ್ಲಿದೆ? ಕೈಫಿಯತ್ತು, ಪತ್ರಿಕೆ ಮತ್ತು ಕಡತಗಳ ಒಂದು ಪರಿಶೀಲನೆ

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಿಸುತ್ತಿದ್ದ ಈ ಪಾಕ್ಷಿಕ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎನಿಸಿಕೊಂಡಿತು. ಊರಿನ ಹೆಸರಿದ್ದ ಜಾಗದಲ್ಲಿ ಭಾಷೆಯ ಹೆಸರು ಬಂತು. ನಮ್ಮ ಪತ್ರಿಕೋದ್ಯಮದ ಚರಿತ್ರೆಯೂ ಬಹುಮಟ್ಟಿಗೆ ಇದೇ ದಾರಿ ಹಿಡಿದಿದೆ. ಜುಲೈ 1 ನಮಗೆ ಪತ್ರಿಕಾ ದಿನ. ಆದರೆ ಹಳೆಯ ಪತ್ರಿಕೆಗಳನ್ನು ಒಂದೊಂದು ಊರಿನ ಚರಿತ್ರೆಗೆ ಆಕರವಾಗಿ ಓದಿದವರು ಕಡಿಮೆ. ಸಣ್ಣ ಊರುಗಳ ಬಗ್ಗೆ ಇಂದು ಸುಲಭವಾಗಿ ಸಿಗುವ ದಾಖಲೆಗಳಲ್ಲಿ ಹೆಚ್ಚಿನವು ಹೊರಗಿನವರು ತಮ್ಮ ಅಗತ್ಯಕ್ಕಾಗಿ ಕೂಡಿಟ್ಟವು, ಆ ಅಗತ್ಯವೇ ಊರಿನ ಚಿತ್ರವನ್ನೂ ತಿದ್ದಿದೆ ಎಂಬುದು ಈ ಲೇಖನದ ವಾದ.

ಕೈಫಿಯತ್ತು: ಕೇಳಿದವರು, ಹೇಳಿದವರು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಸರ್ವೆ ಕೈಗೊಂಡ. ಕಾವಲಿ ವೆಂಕಟ ಬೋರಯ್ಯನಂಥ ಸಹಾಯಕರು ಊರೂರಿಗೆ ಹೋಗಿ ಶಾಸನಗಳ ನಕಲು ಮಾಡಿದರು, ಸ್ಥಳೀಯರಿಂದ ಊರಿನ ಪೂರ್ವೋತ್ತರ ಬರೆಸಿಕೊಂಡರು. ಹೀಗೆ ಸಿದ್ಧವಾದ ಕೈಫಿಯತ್ತುಗಳಲ್ಲಿ ಕನ್ನಡದವನ್ನು ಎಂ. ಎಂ. ಕಲಬುರ್ಗಿ ಸಂಪಾದಿಸಿದ್ದಾರೆ. ಊರು ಕಟ್ಟಿದ ಪಾಳೆಯಗಾರ, ಕೆರೆ, ದೇವಸ್ಥಾನ, ಕೈಬದಲಾದ ಅಧಿಕಾರ ಎಲ್ಲವೂ ಅಲ್ಲಿ ಬರುತ್ತವೆ. ಆದರೆ ಹೇಳಿಕೆ ಕೊಟ್ಟವರಿಗೆ ಎದುರಿಗಿದ್ದದ್ದು ಹೊಸ ಸರ್ಕಾರ. ಇನಾಮು, ಉಂಬಳಿ, ಮಾನ್ಯಗಳ ಹಕ್ಕು ಹಳೆಯದೆಂದು ತೋರಿಸುವ ಕಾಳಜಿ ಅವರಿಗೆ ಸಹಜವಾಗಿಯೇ ಇತ್ತು. ಹಾಗಾಗಿ ಕೈಫಿಯತ್ತನ್ನು ಊರಿನ ನೆನಪೆಂದು ಓದುವಾಗಲೇ ಊರಿನ ಅಹವಾಲೆಂದೂ ಓದಬೇಕಾಗುತ್ತದೆ.

ಪತ್ರಿಕೆ: ಸೋಸಿ ಉಳಿದದ್ದು

19ನೆಯ ಶತಮಾನದ ಉತ್ತರಾರ್ಧದಲ್ಲಿ ಮದ್ರಾಸ್ ಮತ್ತು ಮುಂಬಯಿ ಸರ್ಕಾರಗಳು ದೇಶಭಾಷಾ ಪತ್ರಿಕೆಗಳ ಮೇಲೆ ಕಣ್ಣಿಟ್ಟವು. ಭಾಷಾಂತರಕಾರರು ಅವುಗಳ ಸಾರವನ್ನು ಇಂಗ್ಲಿಷಿಗೆ ಇಳಿಸಿ ವರದಿ ಮಾಡುತ್ತಿದ್ದರು. ಮೂಲ ಸಂಚಿಕೆಯೇ ಸಿಗದ ಎಷ್ಟೋ ಪತ್ರಿಕೆಗಳ ಬಗ್ಗೆ ತಿಳಿಯಲು ಈ ವರದಿಗಳೇ ಗತಿ.

ಆಡಳಿತಕ್ಕೆ ಬೇಕಾದದ್ದನ್ನು ಮಾತ್ರ ಭಾಷಾಂತರಕಾರ ಆರಿಸಿಕೊಳ್ಳುತ್ತಿದ್ದ. ಪೊಲೀಸರ ಜುಲುಮೆ, ಕಂದಾಯದ ಹೊರೆ, ಮುನಿಸಿಪಾಲಿಟಿಯ ಮೇಲಿನ ದೂರು ಉಳಿದವು. ಸಂತೆಯ ಧಾರಣೆ, ನಾಟಕದ ಜಾಹೀರಾತು, ಸಭೆಯ ಆಮಂತ್ರಣ ಜಾರಿಹೋದವು. ಬರೀ ವರದಿ ನೋಡಿ ಚರಿತ್ರೆ ಬರೆದರೆ ಊರೆಂದರೆ ದಿನಬೆಳಗಾದರೆ ತಕರಾರು ಎಂಬಂತೆ ಕಾಣುತ್ತದೆ. ಮೂಲ ಸಂಚಿಕೆ ಸಿಕ್ಕಾಗ ಅದರ ಕೊನೆಯ ಪುಟವನ್ನೂ ಅಷ್ಟೇ ಶ್ರದ್ಧೆಯಿಂದ ಓದಬೇಕು. ಔಷಧಿ ಅಂಗಡಿಯ ಜಾಹೀರಾತು, ಹರಾಜಿನ ನೋಟೀಸು, ಮೋಟಾರು ಸರ್ವಿಸಿನ ವೇಳಾಪಟ್ಟಿ ಚರಿತ್ರೆಯಾಗಲೆಂದು ಬರೆದವಲ್ಲ. ಊರಿನ ವ್ಯಾಪಾರ, ಕಾಯಿಲೆ, ಹಾದಿಗಳ ವಿಷಯದಲ್ಲಿ ಸಂಪಾದಕೀಯಕ್ಕಿಂತ ಹೆಚ್ಚು ಹೇಳುವುದು ಅವೇ.

ಊರಲ್ಲೇ ಉಳಿದ ಕಟ್ಟುಗಳು

ಹೊರಗೆ ಹೋದ ದಾಖಲೆಗಳ ಓರೆಕೋರೆ ತಿದ್ದಲು ಒಳಗಿನ ದಾಖಲೆ ಬೇಕು. ಶೃಂಗೇರಿ ಇದಕ್ಕೆ ಒಳ್ಳೆಯ ನಿದರ್ಶನ. 1791ರ ಮರಾಠ ದಾಳಿಯಲ್ಲಿ ಮಠ ಲೂಟಿಯಾದಾಗ ಟಿಪ್ಪು ಸುಲ್ತಾನ್ ಜಗದ್ಗುರುಗಳಿಗೆ ಬರೆದ ಪತ್ರಗಳನ್ನೊಳಗೊಂಡ ಸುಮಾರು 30 ಪತ್ರಗಳ ಕಟ್ಟು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿತ್ತು. ಮಠ ಅದನ್ನು ಎಸೆಯದೆ ಇಟ್ಟುಕೊಂಡಿದ್ದರಿಂದಲೇ ಶತಮಾನ ದಾಟಿದ ಮೇಲೂ ಆ ಸಂಬಂಧವನ್ನು ಮೂಲದಿಂದಲೇ ತಿಳಿಯಲು ಸಾಧ್ಯವಾಯಿತು. ಅಲ್ಲಿನ ಕಡತಗಳೂ ಅಷ್ಟೇ ಮುಖ್ಯ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು, ಮಡಿಸಿ, ಬಳಪದಿಂದ ಬರೆದ ಲೆಕ್ಕಗಳಿವು. ಒರೆಸಿದರೆ ಅಕ್ಷರ ಹೋಗುತ್ತದೆ. ಧೂಳು ತೆಗೆಯಲು ಹೋದ ಕೈಯೇ ದಾಖಲೆ ಅಳಿಸಿಬಿಡಬಹುದು.

ಮಠಕ್ಕಿದ್ದ ಭದ್ರತೆ ಮನೆಗಳಿಗೆ ಇರಲಿಲ್ಲ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಟೇಲ, ಶಾನುಭೋಗ, ಕುಲಕರ್ಣಿ ಹುದ್ದೆಗಳು ರದ್ದಾದವು. ಕೆಲಸ ಗ್ರಾಮಲೆಕ್ಕಿಗರಿಗೆ ಬಂತು. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಎಷ್ಟೋ ಮನೆಯ ಅಟ್ಟದಲ್ಲೇ ಉಳಿದವು. ಧಾರವಾಡ, ಬೆಳಗಾವಿ ಕಡೆ ಇನ್ನೊಂದು ತೊಡಕಿದೆ. ಅಲ್ಲಿನ ಹಳೆಯ ದಫ್ತರಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿವೆ. ಆ ಲಿಪಿ ಬಲ್ಲವರು ಈಗ ವಿರಳವಾದ್ದರಿಂದ ಕಾಗದ ಗಟ್ಟಿಯಾಗಿದ್ದರೂ ದಾಖಲೆ ಮೂಕವಾಗುತ್ತದೆ. ಕಾಗದ ಉಳಿಸುವಷ್ಟೇ ತುರ್ತಾಗಿ ಲಿಪಿ ಓದುವವರನ್ನೂ ತಯಾರು ಮಾಡಬೇಕಾಗಿದೆ.

ಕಾಪಾಡುವ ಕ್ರಮ

ಪತ್ರಿಕೆಯ ಕಾಗದ ಮರದ ತಿರುಳಿನದು. ಅದರೊಳಗಿನ ಲಿಗ್ನಿನ್ ಗಾಳಿ ಬೆಳಕಿಗೆ ಹಳದಿಯಾಗುತ್ತದೆ. ಆಮ್ಲ ಹೆಚ್ಚಿದಂತೆ ಹಾಳೆ ಮಡಿಕೆಯಲ್ಲೇ ಮುರಿಯುತ್ತದೆ. ಅದಕ್ಕಿಂತ ಹಳೆಯ, ಚಿಂದಿಬಟ್ಟೆಯಿಂದ ಮಾಡಿದ ಕೈಕಾಗದ ಎಷ್ಟೋ ವೇಳೆ ಇದಕ್ಕಿಂತ ಗಟ್ಟಿ. ಹರಿದ ಹಾಳೆಗೆ ಸೆಲ್ಲೋಟೇಪು ಅಂಟಿಸಿದರೆ ಅದರ ಗೋಂದೇ ಕಲೆಯಾಗಿ ಅಕ್ಷರ ತಿನ್ನುತ್ತದೆ. ಫೋಟೋ ತೆಗೆಯುವಾಗ ನಮಗೆ ಬೇಕಾದ ಸುದ್ದಿಯನ್ನಷ್ಟೇ ಕತ್ತರಿಸಿಕೊಂಡರೆ ಆ ಹಳೆಯ ಭಾಷಾಂತರಕಾರನ ಕೆಲಸವನ್ನೇ ನಾವೂ ಮಾಡಿದಂತೆ. ಇಡೀ ಪುಟ, ಅದರ ತಾರೀಖು, ಹಿಂದು ಮುಂದಿನ ಪುಟಗಳ ಅನುಕ್ರಮ ಎಲ್ಲವೂ ದಾಖಲಾಗಬೇಕು. ಕಟ್ಟು ಬಿಚ್ಚುವ ಮೊದಲು ಅದನ್ನು ಕಟ್ಟಿದ ಕ್ರಮವನ್ನು ಬರೆದುಕೊಳ್ಳಬೇಕು. ಯಾವ ರಸೀದಿ ಯಾವ ಅರ್ಜಿಯ ಜೊತೆಗಿತ್ತು ಎಂಬುದೂ ಒಂದು ಸಾಕ್ಷ್ಯ.

ಉಪಸಂಹಾರ

ಮೆಕೆಂಜಿಯ ಜನ ಬರೆಸಿಕೊಳ್ಳದಿದ್ದರೆ, ಸರ್ಕಾರ ಅನುಮಾನಪಟ್ಟು ಸಾರ ಬರೆಸದಿದ್ದರೆ ಇಂದು ಇಷ್ಟೂ ಸಿಗುತ್ತಿರಲಿಲ್ಲ. ಆ ಋಣ ಒಪ್ಪಿಕೊಂಡೇ, ಅವರು ಕೇಳದೆ ಬಿಟ್ಟದ್ದನ್ನು ಊರಲ್ಲಿ ಹುಡುಕಬೇಕು. ಇದಕ್ಕೆ ದೊಡ್ಡ ಕಟ್ಟಡ ಬೇಕಿಲ್ಲ. ಗ್ರಂಥಾಲಯದ ಪತ್ರಿಕೆ, ಶಾಲೆಯ ದಾಖಲಾತಿ ಪುಸ್ತಕ, ಪುರಸಭೆಯ ಠರಾವು, ಮನೆಯ ಅಟ್ಟದ ಕಿರ್ದಿ ಯಾರ ಬಳಿ ಎಷ್ಟಿವೆ ಎಂಬ ಪಟ್ಟಿಯೇ ಮೊದಲ ಹೆಜ್ಜೆ. ಆ ಪಟ್ಟಿಯ ತಲೆಯ ಮೇಲೆ, ‘ಮಂಗಳೂರ ಸಮಾಚಾರ’ದಲ್ಲಿದ್ದಂತೆ, ಊರಿನ ಹೆಸರಿರಲಿ.