ಹೇಮಾವತಿಯ ದಾರಿಯಲ್ಲಿ ನಮ್ಮ ವಿಶ್ವಾಸದ ಹೆಜ್ಜೆಗಳು

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಗೋಡೆ ಗೋಪುರಗಳ ವಯಸ್ಸನ್ನು ಎಣಿಸಿದರೆ ಸಾಲದು. ವಿಶ್ವಾಸವು ಯಾವ ದಾರಿಯಲ್ಲಿ ಈ ಸೀಮೆಗೆ ಬಂದಿತು, ಯಾರು ಅದನ್ನು ಹೊತ್ತು ತಂದರು ಎಂಬುದನ್ನೂ ಅರಿಯಬೇಕು. ಆ ಉದ್ದೇಶದಿಂದ ಚನ್ನರಾಯಪಟ್ಟಣದಿಂದ ಹಾಸನಕ್ಕೆ, ಅಲ್ಲಿಂದ ಗೊರೂರಿನ ಮೂಲಕ ಅರಕಲಗೂಡು, ಹೊಳೆನರಸೀಪುರಗಳಿಗೆ ಓದುಗರೊಡನೆ ಒಮ್ಮೆ ಪಯಣಿಸೋಣ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸಾವಿರ ವರ್ಷಗಳಿಂದ ಗೊಮ್ಮಟೇಶ್ವರನು ನಿಂತಿದ್ದಾನೆ. ಹಾಸನದಿಂದ ಆಚೆಗೆ ಬೇಲೂರು, ಹಳೇಬೀಡುಗಳ ಹೊಯ್ಸಳ ದೇಗುಲಗಳಿವೆ. ಇವು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದುವು. ಇಂತಹ ಪ್ರಾಚೀನ ಸಂಸ್ಕೃತಿಯ ನಾಡಿಗೆ ನಮ್ಮ ಗುರುಗಳು ಬಂದುದು ತೀರ ಈಚೆಗೆ. 17ನೇ ಶತಮಾನದ ಮಧ್ಯಭಾಗದಲ್ಲಿ ಯೇಸುಸಭೆಯ ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನಿಗೆ ಅಡಿಪಾಯವಿಟ್ಟರು. 1773ರಲ್ಲಿ ಯೇಸುಸಭೆಯೇ ರದ್ದಾದಾಗ ಆ ಸೇವೆಗೆ ದೊಡ್ಡ ಪೆಟ್ಟು ಬಿದ್ದಿತು.

1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಮೇಲೆ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಬಂದವರು ಫ್ರಾನ್ಸ್ ದೇಶದ ಗುರುಗಳಾದ ಅಬ್ಬೆ ದ್ಯುಬೊವಾ. ಅವರು ಈ ನಾಡಿನ ಉಡುಪನ್ನು ಧರಿಸಿ, ಈ ನಾಡಿನ ಆಹಾರವನ್ನೇ ಉಂಡು ಬಾಳಿದರು. ಜನರು ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಸಿಡುಬಿನಿಂದ ಜನ ಸಾಯುತ್ತಿದ್ದ ಆ ಕಾಲದಲ್ಲಿ ದೇವಿ ಹಾಕುವ ಪದ್ಧತಿಯನ್ನು ಹರಡಲು ಶ್ರಮಿಸಿದರು. ಹಾಸನದ ಬಳಿ ಕ್ರೈಸ್ತ ಒಕ್ಕಲು ಕುಟುಂಬಗಳಿಗೆ ನೆಲೆ ಕಲ್ಪಿಸಿದರು. ಆದರೂ 1823ರಲ್ಲಿ ಭಾರತವನ್ನು ಬಿಟ್ಟು ಹೊರಟಾಗ ಅವರ ಮನಸ್ಸು ಹಗುರವಾಗಿರಲಿಲ್ಲ. ಆ ವರ್ಷವೇ ಲಂಡನ್ನಿನಲ್ಲಿ ಪ್ರಕಟವಾದ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮವು ಬೆಳೆಯುವುದೆಂಬ ಆಸೆಯನ್ನೇ ತಾವು ಕೈಬಿಟ್ಟಿರುವುದಾಗಿ ಅವರು ತಿಳಿಸಿದ್ದರು. 1848ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನರಾದರು.

ಆದರೆ ಬಿತ್ತಿದ ಬೀಜವು ಬಿತ್ತಿದವನ ಅಪ್ಪಣೆಗಾಗಿ ಕಾಯುವುದಿಲ್ಲ. ಅವರ ತರುವಾಯ ಬಂದ ಫ್ರೆಂಚ್ ಗುರುಗಳು 1860ರ ಸುಮಾರಿಗೆ ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಜಪಮಾಲೆ ಮಾತೆಯ ಭವ್ಯ ದೇವಾಲಯವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆಗಳನ್ನು ಬೆರೆಸಿದ್ದರೆಂದು ಜನರು ಇಂದಿಗೂ ಹೇಳುತ್ತಾರೆ. ನೂರು ವರ್ಷಗಳಿಗೂ ಮಿಗಿಲಾಗಿ ಅಲ್ಲಿ ಬಲಿಪೂಜೆ ನಡೆಯಿತು. ಗೊರೂರಿನಲ್ಲಿ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡು, ಹಿನ್ನೀರು ಏರಿದಂತೆ ಹಳ್ಳಿಗಳು ಬರಿದಾದುವು. ಜನರು ಮನೆ, ಹೊಲ, ಹಿರಿಯರ ಸಮಾಧಿಗಳನ್ನು ಬಿಟ್ಟು ಬೇರೆಡೆಗೆ ತೆರಳಿದರು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಮೇಲೇಳುವ ಆ ಗೋಡೆಗಳನ್ನು ನೋಡಲು ಇಂದು ದೂರದೂರುಗಳಿಂದ ಪ್ರವಾಸಿಗರು ಬರುತ್ತಾರೆ. ಅವರಿಗೆ ಅದು ಸುಂದರ ನೋಟ. ನಮಗೆ ಅದು ತವರು.

ಮುಂದೆ ಅರಕಲಗೂಡು ಸೀಮೆಯಲ್ಲಿ ಕಾವೇರಿಯ ದಡದ ರಾಮನಾಥಪುರವೂ ಸಂಗೀತಗಾರರ ನೆಲೆವೀಡಾದ ರುದ್ರಪಟ್ಟಣವೂ ಇವೆ. ಹೊಳೆನರಸೀಪುರವು ತನ್ನ ಹೆಸರಿನಲ್ಲಿಯೇ ಹೇಮಾವತಿ ಹೊಳೆಯನ್ನು ಇರಿಸಿಕೊಂಡಿದೆ. ಶೆಟ್ಟಿಹಳ್ಳಿಯನ್ನು ಮುಳುಗಿಸಿದ ನೀರೇ ಕಾಲುವೆಗಳಲ್ಲಿ ಹರಿದು ಎಷ್ಟೋ ಹೊಲಗಳನ್ನು ಹಸಿರಾಗಿಸಿದೆ. ಆ ಅನ್ನವನ್ನು ಉಣ್ಣುವ ನಾವು, ಅದಕ್ಕಾಗಿ ನೆಲ ತೆತ್ತವರನ್ನು ಮರೆಯಲಾಗದು.

1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಸ್ಥಾಪನೆಯಾದಾಗ ಹಾಸನ ಸೀಮೆಯ ಕ್ರೈಸ್ತರು ಅದರ ಆಶ್ರಯಕ್ಕೆ ಬಂದರು. ದೊಡ್ಡಸ್ವಾಮಿಯವರ ನಿರಾಶೆಗೆ ಈ ಸೀಮೆಯ ಧರ್ಮಕೇಂದ್ರಗಳೇ ಉತ್ತರ. ಗೋಪುರ ಕುಸಿಯಬಹುದು, ಊರು ಮುಳುಗಬಹುದು. ಜಪಮಾಲೆಯು ಕೈಯಿಂದ ಕೈಗೆ ದಾಟಿ ಬಂದಿದೆ. ಆದರೆ ನೆನಪು ತಾನಾಗಿ ಉಳಿಯುವುದಿಲ್ಲ. ಮುಳುಗಡೆಯ ದಿನಗಳನ್ನು ಕಂಡ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ. ಆದ್ದರಿಂದ ಈ ವರ್ಷದಲ್ಲಿ ಪ್ರತಿಯೊಂದು ಕುಟುಂಬವೂ ತನ್ನ ಹಿರಿಯರು ಯಾವ ಹಳ್ಳಿಯಿಂದ ಬಂದರು, ಎಲ್ಲಿ ಜ್ಞಾನಸ್ನಾನ ಪಡೆದರು, ಎಲ್ಲಿ ಮಣ್ಣಾದರು ಎಂಬುದನ್ನು ಕೇಳಿ ಬರೆದಿಡಲಿ ಎಂದು ಬೇಡುತ್ತೇವೆ. ಮುಂದಿನ ಶತಮಾನದವರಿಗೆ ನಾವು ಕೊಡಬಹುದಾದ ಕಾಣಿಕೆಗಳಲ್ಲಿ ಇದೂ ಒಂದು.