ಜೋಡಾಸಾಂಕೊ ಮನೆಯ ಸಾಲ

ಕೋಲ್ಕತ್ತದಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ನೆಂಟರನ್ನು ಕರೆದೊಯ್ಯುವ ಸ್ಥಳಗಳಲ್ಲಿ ಜೋಡಾಸಾಂಕೊದ ಠಾಕೂರರ ಮನೆಯೂ ಒಂದು. ಕೆಂಪು ಬಣ್ಣದ ಆ ವಿಶಾಲ ಸೌಧವನ್ನು ಕಂಡವರು, ರವೀಂದ್ರನಾಥರು ಸಿರಿಯ ನಡುವೆಯೇ ಬೆಳೆದರೆಂದು ಭಾವಿಸುವುದು ಸಹಜ. ಆದರೆ 1861ರಲ್ಲಿ ಅವರು ಹುಟ್ಟುವುದಕ್ಕೆ ಹದಿಮೂರು ವರ್ಷ ಮೊದಲು ಆ ಮನೆ ದಿವಾಳಿಯ ಅಂಚಿಗೆ ಬಂದು ನಿಂತಿತ್ತು.

ರವೀಂದ್ರನಾಥರ ಅಜ್ಜ ದ್ವಾರಕಾನಾಥ ಠಾಕೂರರು 1834ರಲ್ಲಿ ವಿಲಿಯಂ ಕಾರ್ ಜೊತೆ ಸೇರಿ 'ಕಾರ್, ಟಾಗೋರ್ ಅಂಡ್ ಕಂಪನಿ' ಸ್ಥಾಪಿಸಿದರು. ನೀಲಿ, ರೇಷ್ಮೆ, ಕಲ್ಲಿದ್ದಲು, ಹಡಗು ಎಲ್ಲದರಲ್ಲಿಯೂ ಅವರ ಹಣ ತೊಡಗಿತ್ತು. 1829ರಲ್ಲಿ ಆರಂಭವಾದ ಯೂನಿಯನ್ ಬ್ಯಾಂಕಿನ ಹಿಂದೆಯೂ ಅವರೇ ಇದ್ದರು. ವ್ಯಾಪಾರದ ಏರಿಳಿತವನ್ನು ಬಲ್ಲ ಅವರು 1840ರಲ್ಲಿ ಕೆಲವು ಜಮೀನ್ದಾರಿಗಳನ್ನು ಟ್ರಸ್ಟಿಗೆ ಬರೆದು, ಸಾಲಗಾರರ ಕೈ ಅಲ್ಲಿಗೆ ತಲುಪದಂತೆ ಮಾಡಿದರು. 1846ರ ಆಗಸ್ಟ್ 1ರಂದು ಲಂಡನ್ನಿನಲ್ಲಿ ಅವರು ತೀರಿಕೊಂಡರು. ಮರುವರ್ಷ ಲಂಡನ್ನಿನ ಪೇಟೆ ಕುಸಿದು, ನೀಲಿ ವ್ಯಾಪಾರಕ್ಕೆ ಮಿತಿಮೀರಿ ಸಾಲ ಕೊಟ್ಟಿದ್ದ ಯೂನಿಯನ್ ಬ್ಯಾಂಕು ಮುಳುಗಿತು. 1848ರ ಆರಂಭದಲ್ಲಿ ಕಂಪನಿಯೂ ಬಾಗಿಲು ಮುಚ್ಚಿತು.

ಹಿರಿಯ ಮಗ ದೇವೇಂದ್ರನಾಥರಿಗೆ ಆಗ ಮೂವತ್ತು ವರ್ಷ. ಅವರ ಆತ್ಮಕಥೆಯ ಪ್ರಕಾರ ಕಂಪನಿ ಕೊಡಬೇಕಾದದ್ದು ಒಂದು ಕೋಟಿ ರೂಪಾಯಿ, ಅದಕ್ಕೆ ಬರಬೇಕಾದದ್ದು ಎಪ್ಪತ್ತು ಲಕ್ಷ. ಉಳಿದ ಮೂವತ್ತು ಲಕ್ಷಕ್ಕೆ ದಾರಿಯಿರಲಿಲ್ಲ. ಟ್ರಸ್ಟಿನ ಆಸ್ತಿಯನ್ನು ಯಾರೂ ಮುಟ್ಟುವಂತಿಲ್ಲವೆಂದು ಸಾಲ ಕೊಟ್ಟವರ ಸಭೆಗೆ ತಿಳಿಸಲಾಯಿತು. ಕಾನೂನು ಅಷ್ಟಕ್ಕೇ ಬಿಟ್ಟುಬಿಡುತ್ತಿತ್ತು. ಆದರೆ ದೇವೇಂದ್ರನಾಥರು ಆ ಆಸ್ತಿಯನ್ನೂ ಸಾಲಕ್ಕೆ ಒಪ್ಪಿಸುವುದಾಗಿ ಹೇಳಿದರು. ಬಂದಿದ್ದವರಲ್ಲಿ ಕೆಲವರ ಕಣ್ಣು ತುಂಬಿತಂತೆ. ಮನೆಯ ನಿರ್ವಹಣೆಗೆ ವರ್ಷಕ್ಕೆ 25,000 ರೂಪಾಯಿ ಬಿಟ್ಟುಕೊಡಲು ಅವರು ಒಪ್ಪಿದರು. ಮುಂದೆ ಆಸ್ತಿಯ ಆಡಳಿತವೂ ಸೋದರರ ಕೈಗೇ ಮರಳಿತು; ಅದರ ಉತ್ಪನ್ನದಿಂದ ಸಾಲ ತೀರತೊಡಗಿತು.

ಆ ಕಾಲದ ಸಾಮಾನ್ಯ ಸಂಸಾರಕ್ಕೆ 25,000 ಕನಸಿನ ಮೊತ್ತ. ರಾಜವೈಭವಕ್ಕೆ ಒಗ್ಗಿದ್ದ ಅವಿಭಕ್ತ ಕುಟುಂಬಕ್ಕೆ ಅದು ಕಟ್ಟುನಿಟ್ಟಿನ ಮಿತಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ಸುಲಭ. ಹಾಸಿಗೆಯೇ ಕುಗ್ಗಿದಾಗ ಕಾಲು ಮಡಿಸುವುದು ಕಷ್ಟ. ಆಳುಕಾಳುಗಳ ಸಂಖ್ಯೆ ಇಳಿಯಿತು, ಕುದುರೆ ಗಾಡಿಗಳು ಹರಾಜಾದವು, ಊಟ ಉಡುಪು ಸರಳವಾದವು. ದ್ವಾರಕಾನಾಥರ ಔತಣಗಳಿಗೆ ಹೆಸರಾಗಿದ್ದ ಬೆಲ್ಗಾಛಿಯಾ ವಿಲಾಸಗೃಹವೂ ಕೈಬಿಟ್ಟಿತು.

ಇದೆಲ್ಲಕ್ಕಿಂತ ಕಠಿನವಾದದ್ದು ಹೊಸ ಸಾಲಕ್ಕೆ ಇಲ್ಲವೆನ್ನುವುದು. ತಮ್ಮ ನಗೇಂದ್ರನಾಥರು ತಮ್ಮ ಖರ್ಚಿಗೆ ಸಾಲಪತ್ರವೊಂದಕ್ಕೆ ಸಹಿ ಕೇಳಿದಾಗ, ತೀರಿಸುವ ಭರವಸೆಯಿಲ್ಲದ ಪತ್ರಕ್ಕೆ ಅಣ್ಣ ಸಹಿ ಹಾಕಲಿಲ್ಲ. ತಮ್ಮ ಮುನಿದು ಮನೆ ಬಿಟ್ಟು ಹೋದರು. ಹಳೆಯ ಬಾಕಿಯೊಂದಕ್ಕಾಗಿ ವಾರಂಟು ಬಂದು ಸ್ವತಃ ದೇವೇಂದ್ರನಾಥರೇ ಬಂಧನಕ್ಕೊಳಗಾದದ್ದೂ ಉಂಟು. ಆದರೂ ತಂದೆ ಡಿಸ್ಟ್ರಿಕ್ಟ್ ಚಾರಿಟಬಲ್ ಸೊಸೈಟಿಗೆ ಮಾತು ಕೊಟ್ಟಿದ್ದ ಒಂದು ಲಕ್ಷವನ್ನು ಬಡ್ಡಿಸಹಿತ ಸಲ್ಲಿಸಿದರು. ಬರಹದಲ್ಲಿದ್ದ ಸಾಲ, ಬಾಯಿಮಾತಿನ ಸಾಲ ಎಂಬ ಭೇದವನ್ನು ಅವರು ಎಣಿಸಲಿಲ್ಲ.

ಇದನ್ನು ಕೇವಲ ತ್ಯಾಗದ ಕಥೆಯಾಗಿ ಓದಿದರೆ ಅರ್ಧ ಸತ್ಯ ಮಾತ್ರ ಕಂಡಂತೆ. ಸಾಲ ತೀರಿದ್ದು ಜಮೀನ್ದಾರಿಯ ಹುಟ್ಟುವಳಿಯಿಂದ. ಆ ಹುಟ್ಟುವಳಿ ಬಂದದ್ದು ರೈತರ ಗೇಣಿಯಿಂದ. ಜೋಡಾಸಾಂಕೊದ ಲೆಕ್ಕದ ಪುಸ್ತಕದಲ್ಲಿ ಅವರ ಬೆವರಿಗೆ ಪ್ರತ್ಯೇಕ ಕಲಮು ಇರಲಾರದು. ದಶಕಗಳ ಬಳಿಕ ಅದೇ ಜಮೀನ್ದಾರಿಯ ಉಸ್ತುವಾರಿಗೆ ಪದ್ಮಾ ತೀರದ ಶಿಲಾಯಿದಹಕ್ಕೆ ಹೋದ ರವೀಂದ್ರನಾಥರು ಆ ರೈತರ ಬದುಕನ್ನು ಹತ್ತಿರದಿಂದ ಕಂಡರು. ಅವರಿಗಾಗಿ ಕೃಷಿ ಬ್ಯಾಂಕು ತೆರೆಯಲು ಮುಂದಾದರು.

ತಮ್ಮ ಬಾಲ್ಯದಲ್ಲಿ ಭೋಗದ ಗಂಧವೂ ಇರಲಿಲ್ಲವೆಂಬರ್ಥದಲ್ಲಿ ಕವಿ ನೆನಪಿಸಿಕೊಂಡಿದ್ದಾರೆ. ಹತ್ತು ವರ್ಷ ತುಂಬುವವರೆಗೆ ಕಾಲುಚೀಲ ಕಂಡಿರಲಿಲ್ಲ. ಚಳಿಗೆ ಒಂದು ಹತ್ತಿಯ ಅಂಗಿಯ ಮೇಲೆ ಮತ್ತೊಂದು. ಅಂಗಿಗೆ ಜೇಬು ಹೊಲಿಯಲು ದರ್ಜಿ ಮರೆಯುತ್ತಿದ್ದುದೊಂದೇ ಆ ಬಾಲಕನ ದೂರು.

ಮುಂದೆ ಆ ಮನೆಗೆ ಹೋದಾಗ ಸೌಧದ ಎತ್ತರದ ಜೊತೆಗೆ ಜೇಬಿಲ್ಲದ ಆ ಅಂಗಿಯನ್ನೂ ನೆನೆಯೋಣ. ಅಜ್ಜನ ಸಾಲವನ್ನು ಮೊಮ್ಮಗನೂ ತನ್ನ ಅರಿವಿಲ್ಲದೆ ತೀರಿಸಿದ್ದ.